ಮಂತ್ರಿಯ ಎಲೆಯನ್ನು ಕೈಬಿಡದ ಹುಡುಗ

ಬೇಸಿಗೆ ರಜೆ ಬಂದಿತೆಂದರೆ ಸೇಲಂ ನಗರದ ನಮ್ಮ ನೇಯ್ಗೆಯವರ ಬೀದಿಗೆ ಹೊಸೂರು, ತಳಿ, ಡೆಂಕಣಿಕೋಟೆಗಳ ಕಡೆಯಿಂದ ಮೊಮ್ಮಕ್ಕಳು ಬಂದಿಳಿಯುತ್ತಾರೆ. ಅವರಲ್ಲಿ ಹಲವರು ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದುವವರು. ತೊಪ್ಪೂರು ಘಟ್ಟವನ್ನು ಇಳಿದು ಬರುವ ಆ ಬಸ್ಸುಗಳಲ್ಲಿ ಮಕ್ಕಳ ಚೀಲದೊಳಗೆ ಬಟ್ಟೆಗಿಂತ ಮೊದಲು ಸೇರಿಕೊಳ್ಳುವ ವಸ್ತು, ಈಚಿನ ವರ್ಷಗಳಲ್ಲಿ, ಚಿತ್ರದ ಎಲೆಗಳ ಒಂದು ಕಟ್ಟು. ಜಗಲಿಯ ಮೇಲೆ ಕುಳಿತು ಅವರು ನಡೆಸುವ ವ್ಯಾಪಾರವನ್ನು ನೋಡಬೇಕು. ಎರಡು ಸಣ್ಣ ಪ್ರಾಣಿಗಳಿಗೆ ಒಂದು ರೆಕ್ಕೆಯ ಪ್ರಾಣಿ, ಮೂರು ಮಾಮೂಲು ಎಲೆಗಳಿಗೆ ಒಂದು ಹೊಳೆಯುವ ಎಲೆ. ನಮ್ಮ ಹಳೆಯ ಸಂತೆಗಳಲ್ಲಿಯೂ ಇಷ್ಟು ಚೌಕಾಸಿ ನಡೆಯುತ್ತಿರಲಿಲ್ಲ.

ಈ ವರ್ಷ ಒಬ್ಬ ತಾಯಿ ನನ್ನಲ್ಲಿಗೆ ಬಂದು, “ಮೇಷ್ಟ್ರೇ, ನೀವಾದರೂ ಇದನ್ನು ಬಿಡಿಸಿ. ಕೈಗೆ ಕೊಟ್ಟ ಕಾಸೆಲ್ಲ ಈ ಅಟ್ಟೆಗಳಿಗೇ ಹೋಗುತ್ತಿದೆ” ಎಂದರು. ಪಕ್ಕದಲ್ಲಿ ಕುಳಿತಿದ್ದ ನನ್ನ ಮನೆಯಾಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಲೆ ಹಿಡಿದ ಮನೆ ಉದ್ಧಾರವಾದುದನ್ನು ತಾನು ಕಂಡಿಲ್ಲವೆಂದು ತೀರ್ಪನ್ನೇ ಕೊಟ್ಟುಬಿಟ್ಟಳು. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಆದರೂ ಬಿಡಿಸುವುದಕ್ಕೆ ಮುನ್ನ ಆ ಆಟವೇನೆಂದು ತಿಳಿಯಬೇಕೆಂದು ನನಗೆ ತೋರಿತು. ಈ ವಾರದ ಅಂಕಣ ಆ ತಿಳಿವಳಿಕೆಯ ಕಥೆ. ಅದರ ನಡುವೆ ನಾನು ಮಾಡಿದ ಒಂದು ತಪ್ಪಿನ ಕಥೆಯೂ ಹೌದು.

ಕೊಂಡು, ಕೂಡಿಸಿ, ವಿನಿಮಯ ಮಾಡಿಕೊಂಡು ಆಡುವ ಇಂದಿನ ಎಲೆಯಾಟಗಳಿಗೆ ಮೊದಲನೆಯದು 1993ರಲ್ಲಿ ಹೊರಬಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’. ಅದನ್ನು ರೂಪಿಸಿದವನು ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞ. ಮೂರು ವರ್ಷಗಳ ತರುವಾಯ, 1996ರಲ್ಲಿ, ಜಪಾನಿನಿಂದ ಪೋಕೆಮಾನ್ ಎಲೆಗಳು ಬಂದವು. ಇಸ್ಪೀಟಿನಲ್ಲಿ ನಿಯಮ ಆಟಗಾರರ ತಲೆಯಲ್ಲಿರುತ್ತದೆ; ಈ ಆಟಗಳಲ್ಲಿ ನಿಯಮದ ಬಹುಭಾಗ ಎಲೆಯ ಮೇಲೆಯೇ ಅಚ್ಚಾಗಿರುತ್ತದೆ. ಒಂದೊಂದು ಎಲೆಯೂ ಆಟದ ಕಟ್ಟಳೆಯನ್ನು ತುಸು ಬದಲಿಸುತ್ತದೆ. ಓದಲಾರದವನು ಆಡಲಾರ. ಇಷ್ಟು ತಿಳಿದಾಗಲೇ ನನ್ನೊಳಗಿನ ಮೇಷ್ಟ್ರು ಎಚ್ಚರಗೊಂಡ.

ಆ ತಾಯಿ ಹೇಳಿದ ದೋಷವೂ ಅಲ್ಲಿಯೇ ಇದೆ. ಪ್ರತಿಯೊಬ್ಬನೂ ತನ್ನ ಕಟ್ಟನ್ನು ತಾನೇ ಕಟ್ಟಿಕೊಂಡು ತರುವುದರಿಂದ, ಹೆಚ್ಚು ಕೊಂಡವನ ಕೈ ಮೇಲಾಗುತ್ತದೆ. ಇದಕ್ಕೆ ಆ ಆಟಗಾರರೇ ಒಂದು ಅಪರೂಪದ ದಾರಿಯನ್ನು ಕಂಡುಕೊಂಡಿದ್ದಾರೆ. ಆಟಗಾರರೆಲ್ಲರಿಗೂ ಒಂದೇ ಕಟ್ಟು. ಅದನ್ನು ನಡುವೆ ಇಟ್ಟು, ಅದರಿಂದಲೇ ಎಲ್ಲರೂ ಎಲೆ ಎತ್ತಿಕೊಂಡು ಆಡುವುದು. ಆಗ ಹಣದ ಬಲ ಅಡಗುತ್ತದೆ. ಯಾವ ಎಲೆಯನ್ನು ಯಾವಾಗ ಇಳಿಸಬೇಕು, ಯಾವುದನ್ನು ಬಚ್ಚಿಡಬೇಕು, ಎದುರಾಳಿಯ ಕೈಯಲ್ಲಿ ಏನಿರಬಹುದು ಎಂಬ ಲೆಕ್ಕಾಚಾರವಷ್ಟೇ ಉಳಿಯುತ್ತದೆ. ಆಟ ಬಡವರ ಪಾಲಿಗೂ ಬರುತ್ತದೆ, ಮತ್ತು ಹಿಂದಿಗಿಂತ ಕಠಿಣವೂ ಆಗುತ್ತದೆ.

ಇದನ್ನು ಓದುತ್ತಿದ್ದಂತೆ ನನಗೆ ನೆನಪಾದುದು ನಮ್ಮದೇ ಆದ ಗಂಜೀಫಾ. ಬಾಬರನು 1527ರಲ್ಲಿ ಸಿಂಧ್ ದೇಶದ ಷಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿ ಅವನ ಆತ್ಮಚರಿತ್ರೆಯಲ್ಲಿದೆ. ಮೊಗಲರ ಕಟ್ಟಿನಲ್ಲಿ 8 ಬಣ, 96 ಎಲೆ. ಅದು ನಮ್ಮ ನಾಡಿಗೆ ಬಂದಾಗ ದಶಾವತಾರದ ವೇಷ ತೊಟ್ಟಿತು: 10 ಬಣ, ಒಂದೊಂದರಲ್ಲಿ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಅಂಕಿಯ ಎಲೆಗಳು, ಒಟ್ಟು 120. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ, ರಾಮನಿಗೆ ಬಾಣ ಹೀಗೆ ಗುರುತುಗಳು; ಕೆಲವು ಗುರುತುಗಳು ಊರಿಂದೂರಿಗೆ ಬದಲಾಗುವುದೂ ಉಂಟು. ಮೂವರು ಕುಳಿತರೆ ತಲೆಗೆ 40 ಎಲೆ. ಹಗಲಿನಲ್ಲಿ ಆಡಿದರೆ ರಾಮನನ್ನು ಹಿಡಿದವನು ಆಟವನ್ನು ಆರಂಭಿಸಬೇಕು, ರಾತ್ರಿಯಲ್ಲಾದರೆ ಕೃಷ್ಣನನ್ನು ಹಿಡಿದವನು. ಐದು ಬಣಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದ ಐದರಲ್ಲಿ ಒಂದೇ ದೊಡ್ಡದು, ಹತ್ತು ಚಿಕ್ಕದು. ಬಿದ್ದ ಎಲೆಗಳನ್ನೆಲ್ಲ ನೆನಪಿನಲ್ಲಿಟ್ಟುಕೊಂಡವನಿಗಲ್ಲದೆ ಅನ್ಯರಿಗೆ ಗೆಲುವಿಲ್ಲ.

ಈ ಕಷ್ಟವೂ ಸಾಲದೆಂದು ಭಾವಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1794ರಲ್ಲಿ ಜನಿಸಿ, 1799ರಲ್ಲಿ ಐದರ ಹರೆಯದಲ್ಲಿ ಪಟ್ಟವೇರಿ, 1831ರಲ್ಲಿ ಆಡಳಿತವನ್ನು ಇಂಗ್ಲಿಷರಿಗೆ ಬಿಟ್ಟುಕೊಡಬೇಕಾಗಿ ಬಂದ ಅರಸರು ಅವರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ. ಅದರಲ್ಲಿ ಯೋಗಾಸನಗಳ ಚಿತ್ರಗಳೂ ಇವೆ, ಬಗೆಬಗೆಯ ಎಲೆಯಾಟಗಳ ವಿವರಗಳೂ ಇವೆ. ಆ ಆಟಗಳಿಗೆ ‘ಛದ’ವೆಂದು ಹೆಸರು, ಸಂಸ್ಕೃತದಲ್ಲಿ ಛದವೆಂದರೂ ಎಲೆಯೇ. ಚಾಮುಂಡೇಶ್ವರಿ ಛದ, ಜಗನ್ಮೋಹನ ಛದ, ನವಗ್ರಹ ಛದ, ಪಂಚಪಾಂಡವ ಛದ ಮುಂತಾಗಿ ಅವು ಹಲವು. ಸಾಮಾನ್ಯವಾಗಿ ಬಣವೊಂದಕ್ಕೆ 12 ಅಂಕಿಯ ಎಲೆ, 6 ಆಸ್ಥಾನದ ಎಲೆ. ದೊಡ್ಡ ಕಟ್ಟುಗಳಲ್ಲಿ ಎಲೆಗಳ ಸಂಖ್ಯೆ 360ರವರೆಗೆ ಏರಿತು. ಇವುಗಳ ಮೇಲೆ ಹಳೆಯ ಗಂಜೀಫಾದಲ್ಲಿಲ್ಲದ ತುರುಪಿನ ಎಲೆಗಳನ್ನೂ ಅರಸರು ಸೇರಿಸಿದರು.

ಇಷ್ಟೆಲ್ಲ ಜಾಣ್ಮೆಯಿದ್ದರೂ ಛದದ ಆಟಗಳು ಜನರ ಜಗಲಿಗೆ ಇಳಿಯಲಿಲ್ಲ. ದಶಾವತಾರದ ಎಲೆಗಳು ಬಟ್ಟೆಗೆ ಅಂಟು ಬಳಿದೋ, ತಾಳೆಯ ಗರಿಯಿಂದಲೋ, ಮರದ ತೆಳು ಹಲಗೆಯಿಂದಲೋ ಪೇಟೆಯ ಕುಶಲಕರ್ಮಿಗಳ ಕೈಯಲ್ಲಿ ತಯಾರಾಗಿ ಮನೆಮನೆಯನ್ನು ಸೇರಿದವು. ಅರಮನೆಯ ಆಟ ಅರಮನೆಯಲ್ಲೇ ಉಳಿಯಿತು. ಇಂದು ಮೈಸೂರಿನ ಗಂಜೀಫಾ ಎಲೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ, ಗಂಜೀಫಾ ರಘುಪತಿ ಭಟ್ಟರಂತಹ ಕಲಾವಿದರ ಶ್ರಮದಿಂದ ಚಿತ್ರಕಲೆ ಉಳಿದಿದೆ. ಗೋಡೆಯ ಮೇಲೆ ತೂಗುಹಾಕುವವರು ಸಿಕ್ಕುತ್ತಾರೆ. ಕುಳಿತು ಆಡುವವರು ವಿರಳ. ನಮ್ಮ ಬಾರಾಮಹಲು ಮತ್ತು ಸೇಲಂ ಸೀಮೆಗಳು 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಮೈಸೂರಿನ ಕೈಬಿಟ್ಟು ಕಂಪೆನಿಯ ವಶವಾದವು. ಮುಮ್ಮಡಿಯವರು ಹುಟ್ಟುವುದಕ್ಕೆ ಮೊದಲೇ ನಾವು ಆ ಸೀಮೆಯಿಂದ ಹೊರಗಾಗಿದ್ದೆವು. ಆದರೂ ಅದು ನಮ್ಮ ಭಾಷೆಯ ಮನೆಯ ಆಟ; ಅದರ ಮೇಲೆ ನಮಗೂ ಒಂದು ಹಕ್ಕಿದೆ ಎಂದು ನಾನು ಭಾವಿಸಿದೆ.

ಆದುದರಿಂದ ಈ ರಜೆಯಲ್ಲಿ ಎರಡನ್ನೂ ಬೆರೆಸಿ ಒಂದು ಆಟವನ್ನು ಮಾಡಿದೆವು. ಮಗ್ಗದ ಮನೆಯೊಂದರಲ್ಲಿ ಬಿಸಾಡಿದ್ದ ಹಳೆಯ ಜಕಾರ್ಡ್ ಅಟ್ಟೆಗಳನ್ನು ತಂದು ದುಂಡಗೆ ಕತ್ತರಿಸಿದೆವು. ಅವುಗಳ ತೂತುಗಳ ವಿನ್ಯಾಸವನ್ನು ನೋಡಿಯೇ ಎದುರಾಳಿಯ ಎಲೆಯನ್ನು ಗುರುತಿಸಬಹುದೆಂದು ಮಕ್ಕಳು ಮೊದಲನೆಯ ಸಂಜೆಯೇ ಕಂಡುಹಿಡಿದುದರಿಂದ, ಎರಡೂ ಬದಿಗೆ ನೋಟ್‌ಬುಕ್ಕಿನ ಹಾಳೆಯನ್ನು ಅಂಟಿಸಬೇಕಾಯಿತು. ಮೀನು, ಆಮೆ, ಬಾಣ, ಕೊಡಲಿ ಎಂದು ನಾಲ್ಕು ಬಣ, ಬಣಕ್ಕೊಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಎಂಟರವರೆಗಿನ ಅಂಕಿಗಳು, ಒಟ್ಟು 40. ಮೀನು ಆಮೆಗಳಲ್ಲಿ ಎಂಟು ದೊಡ್ಡದು, ಬಾಣ ಕೊಡಲಿಗಳಲ್ಲಿ ಒಂದು ದೊಡ್ಡದು. ಕಟ್ಟು ಒಂದೇ, ಅದನ್ನು ನಡುವೆ ಬೋರಲು ಹಾಕಿ ಇಬ್ಬರೂ ಐದೈದು ಎಲೆ ಎತ್ತಿಕೊಳ್ಳಬೇಕು. ಒಬ್ಬನು ಎಲೆ ಇಳಿಸಿದರೆ, ಅದೇ ಬಣದ ಎಲೆಯಿದ್ದಲ್ಲಿ ಇನ್ನೊಬ್ಬನು ಅದನ್ನೇ ಹಾಕಬೇಕು, ಇಲ್ಲದಿದ್ದಲ್ಲಿ ಯಾವುದಾದರೊಂದನ್ನು ಹಾಕಿ ಸೋಲಬೇಕು. ಪ್ರತಿ ಸುತ್ತಿನ ನಂತರ ನಡುವಿನಿಂದ ಒಂದೊಂದು ಎಲೆ. ಇಪ್ಪತ್ತು ಸುತ್ತುಗಳು ಮುಗಿದಾಗ ಯಾರ ರಾಶಿ ದೊಡ್ಡದೋ ಅವರು ಗೆದ್ದರು.

ಮಂತ್ರಿಯ ಎಲೆಗಳ ಮೇಲೆ ನಾನು ಒಂದೊಂದು ಕನ್ನಡ ವಾಕ್ಯವನ್ನು ಬರೆದೆ. ಬಾಣದ ಮಂತ್ರಿಯ ವಾಕ್ಯ ಹೀಗಿತ್ತು: ಈ ಎಲೆಯನ್ನಿಟ್ಟು ಸೋತರೆ ಮಾತ್ರ, ಎದುರಾಳಿ ಗೆದ್ದ ರಾಶಿಯಿಂದ ನಾಲ್ಕು ಎಲೆಗಳನ್ನು ನಿಮ್ಮದಾಗಿಸಿಕೊಳ್ಳಿ. ಅಂದರೆ ಅದನ್ನು ಗೆಲ್ಲುವುದಕ್ಕಲ್ಲ, ಸೋಲುವುದಕ್ಕೆ ಬಳಸಬೇಕು. ಸೋಲನ್ನು ಹೂಡುವ ಹೊತ್ತನ್ನು ಅರಿತವನು ಆಟವನ್ನೇ ತಿರುಗಿಸಬಲ್ಲ. ಮಕ್ಕಳಿಗೆ ಈ ಎಲೆ ಬಹಳ ಪ್ರಿಯವಾಯಿತು.

ಐದನೆಯ ತರಗತಿಯ ಒಬ್ಬ ಹುಡುಗ ಮಾತ್ರ ಅದು ಕೈಗೆ ಬಂದಾಗಲೆಲ್ಲ ಕೊನೆಯವರೆಗೂ ಉಳಿಸಿಕೊಳ್ಳುತ್ತಿದ್ದ. ಬಾಣದ ಬಣ ಬಿದ್ದು ಬಲವಂತವಾದರಷ್ಟೇ ಇಳಿಸುತ್ತಿದ್ದ. ಎಲೆಗಳ ಲೆಕ್ಕವನ್ನು ಅವನಷ್ಟು ಚೆನ್ನಾಗಿ ಇಟ್ಟವರು ಯಾರೂ ಇರಲಿಲ್ಲ. ಯಾವ ಬಣದಲ್ಲಿ ಯಾವ ಅಂಕಿ ಉಳಿದಿದೆಯೆಂದು ಕೇಳಿದರೆ ತಟ್ಟನೆ ಹೇಳುತ್ತಿದ್ದ. ಆದುದರಿಂದ ಇದು ಅವನ ಆಳವಾದ ತಂತ್ರವಿರಬೇಕೆಂದು ನಾನು ಬಗೆದೆ. ಉಳಿದ ಮಕ್ಕಳ ಮುಂದೆ ಅವನ ತಾಳ್ಮೆಯನ್ನು ಹೊಗಳಿಯೂ ಬಿಟ್ಟೆ.

ಮೂರನೆಯ ಸಂಜೆ ಅವನ ಕೈಯಲ್ಲಿ ಉಳಿದ ಕಡೆಯ ಎಲೆ ಆ ಮಂತ್ರಿ. ಎದುರಿಗೆ ಅವನ ಚಿಕ್ಕಪ್ಪನ ಮಗಳು ಕೊಡಲಿಯ ಎಲೆ ಇಳಿಸಿದಳು. ಇವನು ಮಂತ್ರಿಯನ್ನು ಹಾಕಿ ಸೋತ. ಎಣಿಸಿದಾಗ ಅವಳಿಗೆ 22, ಇವನಿಗೆ 18. ಅವಳ ರಾಶಿಯಿಂದ ನಾಲ್ಕನ್ನು ಕೇಳಿ ಪಡೆದಿದ್ದರೆ ಗೆಲುವು ಇವನದಾಗುತ್ತಿತ್ತು. ಇವನು ಏನನ್ನೂ ಕೇಳದೆ ಎದ್ದು ನಿಂತ. ಹುಡುಗಿ ನನ್ನ ಮುಖ ನೋಡಿದಳು, ನಾನು ಹುಡುಗನ ಮುಖ ನೋಡಿದೆ.

“ಆ ಎಲೆಯಲ್ಲಿ ಏನಿದೆಯಪ್ಪ?”

“ಗೊತ್ತಿಲ್ಲ ತಾತ.”

ಅವನು ಮನೆಯಲ್ಲಿ ಅಚ್ಚ ಕನ್ನಡವನ್ನಾಡುವ ಹುಡುಗ. ಬಸ್ಸಿನ ಫಲಕ, ಅಂಗಡಿಯ ಹಲಗೆ, ತಮಿಳು ಪಾಠ ಎಲ್ಲವನ್ನೂ ಸರಾಗವಾಗಿ ಓದಬಲ್ಲ. ಆ ವಾಕ್ಯವನ್ನು ಎದುರಿಗಿಟ್ಟು ಓದಿಸಿದಾಗ ಸಮಸ್ಯೆ ಎಲ್ಲಿದೆಯೆಂದು ತಿಳಿಯಿತು. ‘ಸೋತರೆ’, ‘ರಾಶಿ’ ಎಂಬಲ್ಲಿ ತಡೆಯಿಲ್ಲ. ‘ಇಟ್ಟು’, ‘ಮಾತ್ರ’, ‘ಗೆದ್ದ’, ‘ನಾಲ್ಕು’ ಬಂದಾಗಲೆಲ್ಲ ಮಾತು ನಿಲ್ಲುತ್ತಿತ್ತು. ತಮಿಳಿನಲ್ಲಿ ವ್ಯಂಜನಗಳು ಸೇರುವೆಡೆ ಅಕ್ಷರದ ತಲೆಯ ಮೇಲೆ ಒಂದು ಚುಕ್ಕೆ. ಅಕ್ಷರಗಳು ಒಂದರ ಪಕ್ಕಕ್ಕೊಂದು ಸಾಲಾಗಿ ನಿಲ್ಲುತ್ತವೆ. ಕನ್ನಡದಲ್ಲಿ ಒತ್ತು ಕೆಳಗಿಳಿದು ರೂಪವನ್ನೇ ಬದಲಿಸುತ್ತದೆ. 2006ರ ತಮಿಳು ಕಲಿಕೆಯ ಕಾಯಿದೆಯ ನಂತರ ನಮ್ಮ ಮಕ್ಕಳು ಒಂದನೆಯ ತರಗತಿಯಿಂದಲೇ ಕನ್ನಡ, ತಮಿಳು, ಇಂಗ್ಲಿಷ್ ಎಂಬ ಮೂರು ಲಿಪಿಗಳನ್ನು ಹೊರುತ್ತಿದ್ದಾರೆ. ಅವುಗಳಲ್ಲಿ ಎರಡು ಬೀದಿಯ ತುಂಬ ಕಾಣುತ್ತವೆ. ಕನ್ನಡ ಮಾತ್ರ ಪುಸ್ತಕದ ಒಳಗಿರುತ್ತದೆ. ಪುಸ್ತಕ ಮುಚ್ಚಿದರೆ ಅದೂ ಮುಚ್ಚಿತು. ತಮಿಳು ಕಲಿತುದು ಅವನ ತಪ್ಪಲ್ಲ, ಅದು ಅವನಿಗೆ ಬೇಕಾದ ವಿದ್ಯೆಯೇ. ಓದಲಾರದ ಮಗುವಿನ ಮೌನವನ್ನು ಜಾಣ್ಮೆಯೆಂದು ಹೊಗಳಿದ ತಪ್ಪು ನನ್ನದು. ತರಗತಿಯಲ್ಲಿಯೂ ಹೀಗೆ ಎಷ್ಟು ಮಕ್ಕಳು ಎಲೆಯನ್ನು ಬೋರಲು ಹಿಡಿದು ಕುಳಿತಿದ್ದಿರಬಹುದೋ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ವಾಕ್ಯವನ್ನು ಸುಲಭಗೊಳಿಸೋಣವೆಂದು ಮೊದಲು ಯೋಚಿಸಿದೆ, ಬಳಿಕ ಬಿಟ್ಟೆ. ಅದರ ಬದಲಿಗೆ, ಮಂತ್ರಿಯ ಎಲೆಗಳನ್ನು ದಿನವೂ ಹೊಸದಾಗಿ ಬರೆಯುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿದೆ. ಎಲೆ ಇಳಿಸುವವರು ಅದನ್ನು ಗಟ್ಟಿಯಾಗಿ ಓದಬೇಕು. ಓದದಿದ್ದರೆ ಆ ಎಲೆಗೆ ಬಲವಿಲ್ಲ. ಓದುವಾಗ ತಡವರಿಸಿದರೆ ನಗುವಂತಿಲ್ಲ, ಕಾಯಬೇಕು. ಹತ್ತು ದಿನಗಳಲ್ಲಿ ಅವನು ಪಂಡಿತನಾಗಲಿಲ್ಲ. ಆದರೆ ಬೆರಳಿಟ್ಟು, ಒತ್ತಿನ ಮೇಲೆ ಒಂದು ಕ್ಷಣ ನಿಂತು, ವಾಕ್ಯವನ್ನು ಮುಗಿಸತೊಡಗಿದ.

ತಾಯಿತಂದೆಯರಲ್ಲಿ ನನ್ನ ಬಿನ್ನಹವಿಷ್ಟೆ. ಅಂಗಡಿಯ ಎಲೆಗಳನ್ನು ಕಿತ್ತುಕೊಳ್ಳುವ ಮುನ್ನ ಮನೆಯಲ್ಲೊಂದು ಕಟ್ಟನ್ನು ಮಾಡಿಕೊಡಿ. ಹಳೆಯ ಮದುವೆಯ ಕರೆಯೋಲೆಗಳು ಸಾಕು. ಹಣವನ್ನು ಪಣಕ್ಕಿಡುವುದು ಸರ್ವಥಾ ಬೇಡ. ಧರ್ಮರಾಯನ ಕಥೆ ಎಲ್ಲರಿಗೂ ತಿಳಿದದ್ದೇ. ವಾಕ್ಯಗಳನ್ನು ಮಕ್ಕಳಿಂದಲೇ ಬರೆಯಿಸಿ, ದಿನಕ್ಕೊಮ್ಮೆ ನೀವೂ ಎದುರಿಗೆ ಕುಳಿತು ಸೋಲಿರಿ. ನಿಮ್ಮ ಮಗು ಯಾವ ಎಲೆಯನ್ನು ಇಳಿಸಲು ಹಿಂಜರಿಯುತ್ತದೆ ಎಂಬುದನ್ನು ಗಮನವಿಟ್ಟು ನೋಡಿರಿ.

ಹುಡುಗ ಊರಿಗೆ ಹೊರಡುವ ಹಿಂದಿನ ದಿನ ರಾಜರಿಗೂ ವಾಕ್ಯ ಬೇಕೆಂದು ಹಟ ಹಿಡಿದು, ಮೀನಿನ ರಾಜನ ಮೇಲೆ ತಾನೇ ಬರೆದ. ಆಟದ ನಡುವೆ ಅದನ್ನು ಇಳಿಸಿ, “ಸೋತವರು ಕೈಯಲ್ಲಿರುವುದು ಎಲ್ಲ ಕೊಡಬೇಕು” ಎಂದು ಗಟ್ಟಿಯಾಗಿ ಓದಿದ. ಚಿಕ್ಕಪ್ಪನ ಮಗಳು ಎಲೆಯನ್ನು ಎತ್ತಿ ನೋಡಿದಳು. ಅಲ್ಲಿ ‘ಎಲ’ ಎಂದಷ್ಟೇ ಇತ್ತು, ಲಕಾರಕ್ಕೆ ಒತ್ತಿರಲಿಲ್ಲ. ಅದು ‘ಎಲೆ’ ಎಂದೂ ಆಗಬಹುದು, ಒಂದೇ ಎಲೆ ಕೊಡುತ್ತೇನೆ ಎಂದು ಅವಳು ವಾದ ಹೂಡಿದಳು. ಒಂದು ಒತ್ತಿಗಾಗಿ ಅರ್ಧ ಗಂಟೆ ಜಗಳ. ಕಡೆಗೆ ಎಲೆಯಾಟವನ್ನೇ ಒಪ್ಪದ ನನ್ನ ಮನೆಯಾಕೆ ಅಡುಗೆಮನೆಯಿಂದ ಬಂದು, ಬರೆದಂತೆಯೇ ಆಟ ನಡೆಯಲೆಂದು ತೀರ್ಪಿತ್ತಳು. ಹುಡುಗ ಒಂದೇ ಎಲೆ ಪಡೆದು, ಆ ಆಟವನ್ನು ಸೋತ.

ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಟಾಗ ಕಟ್ಟನ್ನು ನನ್ನ ಕೈಗಿತ್ತು ಹೋದ. ಮೀನಿನ ರಾಜನನ್ನು ತೆಗೆದು ನೋಡಿದೆ. ಲಕಾರದ ಕೆಳಗೆ ಕೆಂಪು ಶಾಯಿಯಲ್ಲಿ, ಸ್ವಲ್ಪ ದೊಡ್ಡದಾಗಿಯೇ, ಒತ್ತು ಬಿದ್ದಿತ್ತು.