ಕುಂತಲ ನಾಡಿನಲ್ಲಿ ಮುಡಿಯ ಪಾಡು

ಕೃಷ್ಣಾ ಭೀಮಾ ನದಿಗಳ ನಡುವಣ ನಮ್ಮ ಸುರಪುರ ರಂಗಂಪೇಟೆಗಳ ಸೀಮೆಯನ್ನೊಳಗೊಂಡ ವಿಶಾಲ ಭೂಭಾಗವನ್ನು ಪ್ರಾಚೀನ ಶಾಸನಗಳು ಕುಂತಲ ದೇಶವೆಂದು ಕರೆದಿವೆ. ಕುಂತಲವೆಂದರೆ ಕೇಶವೆಂಬ ಅರ್ಥವೂ ಉಂಟು. ಹಣೆಯ ಮೇಲೆ ಸುರುಳಿಗೊಳ್ಳುವ ಕೂದಲಿಗೆ ಕುರುಳೆಂಬ ಅಚ್ಚಗನ್ನಡದ ಹೆಸರಿತ್ತು, ಅದನ್ನು ದುಂಬಿಗಳ ಸಾಲಿಗೆ ಹೋಲಿಸಿ ಹಿಗ್ಗಿದವರು ನಮ್ಮ ಕವಿಗಳು. ಆ ನುಡಿಯ ವಾರಸುದಾರರಾದ ನಾವು, ಹೆಣ್ಣಿನ ತಲೆಯ ಮೇಲೆ ತಾನಾಗಿ ಬೆಳೆದ ಕೂದಲನ್ನು ಕಂಡು ಅವಳ ಕುಲವನ್ನೂ ಯೋಗ್ಯತೆಯನ್ನೂ ಭವಿಷ್ಯವನ್ನೂ ನಿರ್ಣಯಿಸುವುದು ವಿಷಾದದ ಸಂಗತಿ.

ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಅರಣ್ಯದಂಚಿನಲ್ಲಿ ವಾಸಿಸುವ ಸಿದ್ದಿ ಜನರು ಆಫ್ರಿಕ ಮೂಲದವರು. ಅವರಲ್ಲಿ ಬಹುಮಂದಿ, ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡನ್ನು ಸೇರಿದವರ ಸಂತತಿ. ನಮಗೆ ನೆರೆಯ ವಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ 17ನೆಯ ಶತಮಾನದಲ್ಲಿಯೇ ಇಖ್ಲಾಸ್ ಖಾನನೆಂಬ ಹಬಶಿಯು, ಎಂದರೆ ಆಫ್ರಿಕ ಮೂಲದವನು, ಮಂತ್ರಿಪದವಿಗೇರಿದ್ದನು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಇಷ್ಟಾದರೂ, ಕನ್ನಡವನ್ನೇ ಆಡುವ ಸಿದ್ದಿ ಹೆಣ್ಣುಮಗಳು ಪಟ್ಟಣಕ್ಕೆ ಬಂದರೆ, ಅವಳ ಗುಂಗುರು ಕೂದಲನ್ನು ನೋಡಿ ಯಾವ ದೇಶದವಳೆಂದು ಕೇಳುವವರೂ, ಕೇಳದೆಯೇ ಕೈಚಾಚಿ ಮುಟ್ಟುವವರೂ ಇಂದಿಗೂ ಇದ್ದಾರೆ.

ಈ ವ್ಯಾಧಿ ನಮ್ಮದೊಂದೇ ಅಲ್ಲ. ಅಮೆರಿಕದ ಲೂಸಿಯಾನಾದಲ್ಲಿ 1786ರಷ್ಟು ಹಿಂದೆಯೇ, ಆಫ್ರಿಕ ಮೂಲದ ಸ್ವತಂತ್ರ ಸ್ತ್ರೀಯರು ತಮ್ಮ ಮುಡಿಯನ್ನು ಬಟ್ಟೆಯಿಂದ ಮುಚ್ಚಿಕೊಳ್ಳಬೇಕೆಂದು ಅಧಿಕಾರಿಗಳು ಕಟ್ಟಳೆ ವಿಧಿಸಿದ್ದರು. ಅಲಬಾಮಾದಲ್ಲಿ, ತನ್ನ ಜಡೆಗಳನ್ನು ಕತ್ತರಿಸಿಕೊಳ್ಳಲೊಪ್ಪದ ಕರಿಯ ಮಹಿಳೆಯೊಬ್ಬಳಿಗೆ ಕೈಗೆ ಬಂದ ಕೆಲಸವೇ ತಪ್ಪಿಹೋಯಿತು; ಕೇಶವಿನ್ಯಾಸವನ್ನು ಬದಲಾಯಿಸಿಕೊಳ್ಳಬಹುದಾದುದರಿಂದ ಅದು ವರ್ಣಭೇದವಾಗದೆಂದು 2016ರಲ್ಲಿ ಮೇಲ್ಮನವಿ ನ್ಯಾಯಾಲಯವು ತೀರ್ಪಿತ್ತಿತು. 2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಕ್ರೌನ್ ಕಾಯಿದೆಯ ಮೂಲಕ ಇಂತಹ ತಾರತಮ್ಯವನ್ನು ನಿಷೇಧಿಸಿತು.

ಅಲ್ಲಿ ಜಡೆಯನ್ನು ಕತ್ತರಿಸೆಂಬ ಒತ್ತಾಯವಾದರೆ, ನಮ್ಮ ಸೀಮೆಯಲ್ಲಿ ಕತ್ತರಿಸಬೇಡವೆಂಬ ಭಯ. ನನ್ನ ಬಾಲ್ಯದಲ್ಲಿ ನಮ್ಮ ಓಣಿಯ ಹುಡುಗಿಯೊಬ್ಬಳ ಬೆನ್ನಮೇಲೆ, ಹಗ್ಗದ ಹುರಿಯಂತೆ ಗಂಟುಗಟ್ಟಿದ ಒಂದೆಳೆ ಕಾಣಿಸಿಕೊಂಡಿತು. ಹರಳೆಣ್ಣೆ ಸವರಿ ಅದನ್ನು ಬಿಡಿಸಲು ಕುಳಿತಿದ್ದ ತಾಯಿಯ ಕೈ, 'ಜಡಿ ಬಂದದ, ಎಲ್ಲಮ್ಮ ಒಲದಾಳ, ಕತ್ತರಿ ಮುಟ್ಟಿಸಬ್ಯಾಡವ್ವ' ಎಂಬ ಹಿರಿಯಳೊಬ್ಬಳ ಮಾತಿಗೆ ತಟಕ್ಕನೆ ನಿಂತಿತು. ಹಣಿಗೆ ಕೆಳಗಿಳಿಯಿತು, ಜಡೆಗೆ ಭಂಡಾರ ಏರಿತು. ನೀರು, ಹಣಿಗೆಗಳು ಸೋಕದ ಕೂದಲು ಜಿಡ್ಡು ಧೂಳುಗಳೊಡನೆ ಹೆಣೆದುಕೊಂಡು ಜಡೆಗಟ್ಟುವುದು ಸಹಜವಾದ ಕ್ರಿಯೆ. ಅದನ್ನೇ ದೇವಿಯ ಆಜ್ಞೆಯೆಂದು ಬಗೆದು ಎಷ್ಟೋ ಬಡ ದಲಿತ ಬಾಲೆಯರಿಗೆ ಮುತ್ತು ಕಟ್ಟಿ, ದೇವದಾಸಿಯರನ್ನಾಗಿಸಿ, ಅವರ ಬಾಳನ್ನೇ ಪರರ ಭೋಗಕ್ಕೆ ಒಪ್ಪಿಸಲಾಯಿತು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ 1982ರ ಕಾಯಿದೆ ಬಂದ ತರುವಾಯ, 1993-94 ಹಾಗೂ 2007-08ರ ಸರಕಾರಿ ಸಮೀಕ್ಷೆಗಳೆರಡರಿಂದ ರಾಜ್ಯದಲ್ಲಿ ಗುರುತಿಸಲ್ಪಟ್ಟ ದೇವದಾಸಿಯರು 46 ಸಾವಿರಕ್ಕೂ ಮಿಕ್ಕಿದ್ದರು. ಅವರೆಲ್ಲರೂ ಜಡೆಯ ಕಾರಣದಿಂದಲೇ ಸಮರ್ಪಿತರಾದವರಲ್ಲ, ಬಡತನವೂ ಜಾತಿಯೂ ಅದಕ್ಕಿಂತ ಬಲವಾದ ಕಾರಣಗಳು. ಆದರೆ ಆ ಕಾರಣಗಳಿಗೆ ದೈವದ ಮುದ್ರೆಯನ್ನೊತ್ತಲು ಒಂದೆಳೆ ಕೂದಲು ಸಾಕಾಯಿತೆಂಬುದನ್ನು ಮರೆಯಲಾಗದು.

ಕೂದಲು ಜಾತಕವಲ್ಲ, ಕುಲಪತ್ರವಲ್ಲ, ದೇವಿಯ ಓಲೆಯೂ ಅಲ್ಲ. ಅದು ಯಾರ ತಲೆಯ ಮೇಲಿದೆಯೋ ಅವಳ ಸೊತ್ತು. ಇಡುವುದೂ ತೆಗೆಯುವುದೂ ಅವಳ ಇಚ್ಛೆ. ಆದುದರಿಂದ ನನ್ನ ಊರಿನ ತಾಯಂದಿರಲ್ಲಿಯೂ ಶಿಕ್ಷಕರಲ್ಲಿಯೂ ನನ್ನ ಬಿನ್ನಹವಿಷ್ಟೆ: ಸಿದ್ದಿ ಹೆಣ್ಣುಮಗಳ ಕುರುಳಿನತ್ತ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಿರಿ, ಗಂಟುಗಟ್ಟಿದ ತಲೆಯ ಮಗುವನ್ನು ಹತ್ತಿರ ಕೂಡಿಸಿಕೊಂಡು, ಅಂದು ಕೆಳಗಿಟ್ಟ ಆ ಹಣಿಗೆಯನ್ನು ಮತ್ತೆ ಕೈಗೆತ್ತಿಕೊಳ್ಳಿರಿ.