ಪುಟ್ಟ ಕಾಲಿಗೆ ಚಕ್ರ ಬೇಕೆ?

ಒಂದು ಕಡೆ ನಿಲ್ಲದೆ ಓಡಾಡುವವರನ್ನು ಕಂಡರೆ ‘ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾನೆ’ ಎನ್ನುವುದು ನಮ್ಮಲ್ಲಿ ರೂಢಿ. ಆ ಮಾತು ಈಗ ಅಕ್ಷರಶಃ ನಿಜವಾಗಿದೆ. ಕಳೆದ ಬೇಸಿಗೆ ರಜೆಯಲ್ಲಿ ಒಂದು ಬೆಳಿಗ್ಗೆ ಅಜ್ಜಿಯೊಬ್ಬರು ಆರು ವರ್ಷದ ಮೊಮ್ಮಗನನ್ನು ಕರೆದುಕೊಂಡು ಕಳಸದ ನನ್ನ ಕ್ಲಿನಿಕ್ಕಿಗೆ ಬಂದರು. ಹುಡುಗ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡಿದ್ದ. ಮಣಿಕಟ್ಟಿನ ಮೇಲೆ ಊತವಿತ್ತು, ಕೈ ಸ್ವಲ್ಪ ಬಾಗಿದಂತೆ ಕಾಣುತ್ತಿತ್ತು. ಕಾಲಲ್ಲಿ ಹೊಚ್ಚ ಹೊಸ ಬೂಟು. ಹೆಜ್ಜೆ ಇಟ್ಟಾಗಲೆಲ್ಲ ಅದರ ಅಂಚಿನಲ್ಲಿ ಬಣ್ಣದ ದೀಪ ಮಿನುಗುತ್ತಿತ್ತು.

“ಇವನ ಅಪ್ಪ ನಿನ್ನೆ ರಾತ್ರಿ ಬೆಂಗಳೂರಿಂದ ತಂದದ್ದು ಡಾಕ್ಟ್ರೇ. ನಾನು ಬೆಳಿಗ್ಗೆ ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಬಿದ್ದಾಯ್ತು” ಎಂದರು ಅಜ್ಜಿ. ಹುಡುಗನಿಗೆ ಕೈನೋವಿಗಿಂತ ಬೂಟು ಕಿತ್ತುಕೊಳ್ಳುತ್ತಾರೆಂಬ ಚಿಂತೆಯೇ ಹೆಚ್ಚಾಗಿತ್ತು. ಎಕ್ಸ್-ರೇ ತೆಗೆಸಿದಾಗ ಮುಂಗೈಯ ಮೂಳೆ ಮಣಿಕಟ್ಟಿನ ಹತ್ತಿರ ಮುರಿದಿರುವುದು ಗೊತ್ತಾಯಿತು.

ಇಂಥ ಬೂಟುಗಳನ್ನು ಚಿಕ್ಕ ಮಕ್ಕಳಿಗೆ ಕೊಡಿಸಬಹುದೆ ಎಂದು ಆಮೇಲೆ ಹಲವು ಪಾಲಕರು ನನ್ನನ್ನು ಕೇಳಿದ್ದಾರೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಂಟು ವರ್ಷ ತುಂಬದ ಮಗುವಿಗೆ ಬೇಡ. ತುಂಬಿದ ಮಗುವಿಗೆ ಅದನ್ನು ಆಟದ ಸಾಮಾನಾಗಿ ಕೊಡಬಹುದು, ಬೂಟಾಗಿ ಕೊಡಕೂಡದು. ಈ ಎರಡಕ್ಕೂ ಇರುವ ವ್ಯತ್ಯಾಸವೇ ನಾನು ಈ ವಾರ ಹೇಳಹೊರಟ ವಿಷಯ.

ಈ ಬೂಟುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಹಿಮ್ಮಡಿಯ ಕೆಳಗೆ ಒಂದು ಅಥವಾ ಎರಡು ಚಕ್ರಗಳು ಹುದುಗಿರುತ್ತವೆ. ಬೆರಳುಗಳ ಮೇಲೆ ಭಾರ ಬಿಟ್ಟು ನಡೆದರೆ ಅದು ಮಾಮೂಲಿ ಬೂಟು. ಬೆರಳ ತುದಿ ಎತ್ತಿ ಹಿಮ್ಮಡಿಯ ಮೇಲೆ ಭಾರ ಹಾಕಿದರೆ ಜಾರುಗಾಡಿ. ರೋಜರ್ ಆಡಮ್ಸ್ ಎಂಬ ಅಮೆರಿಕದವರು ಇದನ್ನು ‘ಹೀಲೀಸ್’ ಎಂಬ ಹೆಸರಿನಲ್ಲಿ 2000ದಲ್ಲಿ ಮಾರುಕಟ್ಟೆಗೆ ತಂದರು. ಇನ್ನೊಂದು ಬಗೆಯಲ್ಲಿ ಗುಂಡಿ ಒತ್ತಿದರೆ ಅಡಿಯಿಂದ ಚಕ್ರಗಳು ಹೊರಗೆ ಬರುತ್ತವೆ, ಮತ್ತೆ ಒತ್ತಿದರೆ ಒಳಗೆ ಸೇರುತ್ತವೆ. ಈಗ ಫೋನಿನಲ್ಲಿ ಬೆರಳಾಡಿಸಿದರೆ ಸಾಕು, ಹೆಸರಿಲ್ಲದ ಅಗ್ಗದ ಮಾದರಿಗಳು ಕೂಡ ಪಾರ್ಸೆಲ್ಲಿನಲ್ಲಿ ನಮ್ಮ ಎಸ್ಟೇಟಿನ ಗೇಟಿನವರೆಗೆ ಬರುತ್ತವೆ. ಪೆಟ್ಟಿಗೆಯ ಮೇಲೆ ನಗುವ ಮಗುವಿನ ಚಿತ್ರವಿರುತ್ತದೆ. ಆ ಮಗುವಿಗೆ ನಾಲ್ಕೋ ಐದೋ ವರ್ಷ ಇದ್ದಂತೆ ಕಾಣುತ್ತದೆ.

ಎಂಟು ವರ್ಷ ಎಂಬ ಲೆಕ್ಕ ಯಾಕೆ? ಮಗು ಒಂದು ವರ್ಷಕ್ಕೆ ನಡೆಯತೊಡಗಿದರೂ ದೊಡ್ಡವರಂತೆ ನಡೆಯಲು ಅದಕ್ಕೆ ಏಳು ವರ್ಷದವರೆಗೂ ಕಾಲ ಬೇಕು. ಮೊದಲು ಹಿಮ್ಮಡಿ ಊರಿ, ಪಾದವನ್ನು ಹೊರಳಿಸಿ, ಹೆಬ್ಬೆರಳಿನಿಂದ ನೆಲವನ್ನು ಹಿಂದಕ್ಕೆ ಒತ್ತಿ ಮುಂದೆ ಹೋಗುವ ನಡಿಗೆಯನ್ನು ಮಿದುಳು, ಸ್ನಾಯು, ಕೀಲು ಮೂರೂ ಸೇರಿ ದಿನವೂ ಕಲಿಯುತ್ತಿರುತ್ತವೆ. ಅಂಗಾಲಿನ ಕಮಾನು ಗಟ್ಟಿಯಾಗುವುದೂ ಇದೇ ವರ್ಷಗಳಲ್ಲಿ. ಚಕ್ರದ ಬೂಟಿನ ಅಡಿ ಗಡುಸು, ತೂಕವೂ ಹೆಚ್ಚು. ಅದನ್ನು ದಿನವಿಡೀ ಹಾಕಿಕೊಂಡ ಮಗು ಪಾದವನ್ನು ಹೊರಳಿಸದೆ ಎತ್ತಿ ಎತ್ತಿ ಇಡುತ್ತದೆ. ಹಿಮ್ಮಡಿ ಊರಿದರೆ ಜಾರುತ್ತದಲ್ಲ, ಹಾಗಾಗಿ ಕೆಲವು ಮಕ್ಕಳು ತುದಿಗಾಲಿನಲ್ಲೇ ನಡೆಯತೊಡಗುತ್ತವೆ. ಸಂಜೆ ಮೀನಖಂಡ ನೋವು ಎಂದು ಅಳುತ್ತವೆ. ಇದರಿಂದ ಕಾಲು ಶಾಶ್ವತವಾಗಿ ಸೊಟ್ಟಗಾಗುತ್ತದೆ ಎಂದು ಹೆದರಿಸಲು ನಾನು ತಯಾರಿಲ್ಲ. ಆದರೆ ಬರಿಗಾಲಿನಲ್ಲಿ ಅಂಗಳ ಸುತ್ತುವ ಮಗು ಕಲಿಯುವುದನ್ನು ಈ ಬೂಟಿನ ಮಗು ಕಲಿಯುವುದಿಲ್ಲ.

ನೋವಿಗಿಂತ ದೊಡ್ಡ ಸಂಗತಿ ಬೀಳುವುದು. ಓಡುವಾಗ ಎಡವಿದ ಮಗು ಸಾಮಾನ್ಯವಾಗಿ ಮುಂದಕ್ಕೆ ಬೀಳುತ್ತದೆ, ಮೊಣಕಾಲು ತರಚುತ್ತದೆ, ಅರಿಶಿನ ಹಚ್ಚಿದರೆ ಅಜ್ಜಿಗೂ ಸಮಾಧಾನ. ಹಿಮ್ಮಡಿ ಚಕ್ರದ ಮೇಲೆ ಜಾರುವಾಗ ದೇಹದ ಭಾರವೆಲ್ಲ ಹಿಂದೆ ಇರುತ್ತದೆ. ಆಯ ತಪ್ಪಿದರೆ ಕಾಲು ಮುಂದೆ ಹಾರಿ ಮಗು ಹಿಂದಕ್ಕೆ ಬೀಳುತ್ತದೆ. ಬೀಳುವ ಮಗು ತನ್ನನ್ನು ಉಳಿಸಿಕೊಳ್ಳಲು ಕೈ ಚಾಚುತ್ತದೆ. ಇಡೀ ಮೈಯ ಭಾರ ಅಂಗೈ ಮೇಲೆ ಬಿದ್ದು ಮಣಿಕಟ್ಟಿಗೋ ಮೊಣಕೈಗೋ ಪೆಟ್ಟಾಗುತ್ತದೆ. ಕೈ ಚಾಚಲು ಆಗದಿದ್ದರೆ ಹಿಂದಲೆ ನೆಲಕ್ಕೆ ಹೊಡೆಯುತ್ತದೆ. ಚಿಕ್ಕ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು ಎಂಬುದನ್ನು ಮರೆಯಬಾರದು.

ಮಕ್ಕಳ ಮೂಳೆ ಹಸಿ ಕಡ್ಡಿಯ ಹಾಗೆ. ಎಷ್ಟೋ ಸಲ ಪೂರ್ತಿ ಮುರಿಯದೆ ಒಂದು ಬದಿ ಸೀಳಿ ಬಾಗುತ್ತದೆ, ಬೇಗ ಕೂಡಿಕೊಳ್ಳುತ್ತದೆ. ಇದು ಸಮಾಧಾನದ ಮಾತು. ಆದರೆ ಉದ್ದ ಮೂಳೆಗಳ ತುದಿಯ ಹತ್ತಿರ ಬೆಳವಣಿಗೆಯ ಪಟ್ಟಿ ಎಂಬ ಮೃದ್ವಸ್ಥಿಯ ಪದರವಿದೆ. ಮೂಳೆ ಉದ್ದವಾಗುವುದು ಅಲ್ಲಿಂದ. ಅಲ್ಲಿಗೆ ಬಲವಾದ ಪೆಟ್ಟು ಬಿದ್ದರೆ ಕೆಲವು ಮಕ್ಕಳಲ್ಲಿ ಆ ಮೂಳೆಯ ಬೆಳವಣಿಗೆ ನಿಲ್ಲಬಹುದು, ಇಲ್ಲವೆ ಓರೆಯಾಗಬಹುದು. ಅದು ಗೊತ್ತಾಗುವುದು ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ.

ಈ ಬೂಟಿನ ಹುಚ್ಚು ಮೊದಲು ಹಬ್ಬಿದ ಊರುಗಳ ವೈದ್ಯರು ಇದನ್ನು ಲೆಕ್ಕವಿಟ್ಟು ನೋಡಿದ್ದಾರೆ. ಐರ್ಲೆಂಡಿನ ಡಬ್ಲಿನ್ ನಗರದ ಮಕ್ಕಳ ಆಸ್ಪತ್ರೆಯೊಂದರ ಮೂಳೆತಜ್ಞರು 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹತ್ತು ವಾರಗಳ ಅವಧಿಯಲ್ಲಿ ಚಕ್ರದ ಬೂಟು ಮತ್ತು ಬೂಟಿಗೆ ಕಟ್ಟಿಕೊಳ್ಳುವ ಚಕ್ರಗಳಿಂದ ಬಿದ್ದು ಗಾಯಗೊಂಡ 67 ಮಕ್ಕಳು ಅಲ್ಲಿಗೆ ಬಂದಿದ್ದರು. ಹೆಚ್ಚಿನವರದು ಕೈಗೆ ಆದ ಪೆಟ್ಟು. ಸುಮಾರು ಐವರಲ್ಲಿ ಒಬ್ಬರು ಬಿದ್ದದ್ದು ಮೊಟ್ಟಮೊದಲ ಸಲ ಹಾಕಿಕೊಂಡಾಗಲೇ. ನಮ್ಮ ಹುಡುಗನೂ ಆ ಲೆಕ್ಕಕ್ಕೇ ಸೇರುತ್ತಾನೆ. ಅಜ್ಜಿಯ ಕಾಫಿ ಲೋಟದ ಮಾತು ಉತ್ಪ್ರೇಕ್ಷೆಯಲ್ಲ.

ಹಾಗಾದರೆ ಸ್ಕೇಟಿಂಗ್ ಕಲಿಸುವುದೇ ತಪ್ಪೆ ಎಂದು ನೀವು ಕೇಳಬಹುದು. ಬೆಂಗಳೂರು, ಮೈಸೂರು, ಬೆಳಗಾವಿಗಳಲ್ಲಿ ಐದಾರು ವರ್ಷದ ಮಕ್ಕಳು ಸ್ಕೇಟಿಂಗ್ ಕಲಿಯುತ್ತಾರಲ್ಲ? ಕಲಿಯುತ್ತಾರೆ, ಅದಕ್ಕೆ ನನ್ನ ತಕರಾರಿಲ್ಲ. ಅಲ್ಲಿ ಸಮತಟ್ಟಾದ ಅಂಕಣವಿದೆ, ಗುರುವಿದ್ದಾನೆ, ಹೆಲ್ಮೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ. ಮುಖ್ಯವಾಗಿ, ತರಗತಿ ಮುಗಿದ ಮೇಲೆ ಮಗು ಸ್ಕೇಟನ್ನು ಬಿಚ್ಚಿ ಚೀಲಕ್ಕೆ ಹಾಕಿ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬರುತ್ತದೆ. ಚಕ್ರದ ಬೂಟನ್ನು ಯಾರೂ ಬಿಚ್ಚುವುದಿಲ್ಲ. ನೋಡಲು ಬೂಟು, ಆದ್ದರಿಂದ ಅದು ಮದುವೆ ಮನೆಗೂ ಹೋಗುತ್ತದೆ, ಅಂಗಡಿಗೂ ಹೋಗುತ್ತದೆ, ಬಸ್ ಸ್ಟ್ಯಾಂಡಿಗೂ ಹೋಗುತ್ತದೆ. ಬೂಟು ಹಾಕಿಕೊಂಡ ಮಗುವಿಗೆ ಹೆಲ್ಮೆಟ್ ತೊಡಿಸಬೇಕೆಂದು ಯಾವ ತಾಯಿಗೆ ಹೊಳೆಯುತ್ತದೆ ಹೇಳಿ? ಆಟದ ಸಾಮಾನು ಬೂಟಿನ ವೇಷ ಹಾಕಿಕೊಂಡು ಮನೆಯೊಳಗೆ ಬಂದಿದೆ. ನನ್ನ ಆಕ್ಷೇಪ ಆ ವೇಷದ ಮೇಲೆ.

ಇನ್ನು ನಮ್ಮ ನೆಲ. ಈ ಬೂಟು ಹುಟ್ಟಿದ್ದು ನುಣುಪಾದ ಕಾಲುದಾರಿ, ದೊಡ್ಡ ಅಂಗಡಿ ಮಳಿಗೆಗಳ ಊರಿನಲ್ಲಿ. ಕಳಸದಲ್ಲಿ ಸಮತಟ್ಟು ಜಾಗ ಹುಡುಕುವುದೇ ಒಂದು ಕೆಲಸ. ಕಳಸೇಶ್ವರ ದೇವಸ್ಥಾನಕ್ಕೆ ಮೆಟ್ಟಿಲು ಹತ್ತಬೇಕು, ಪೇಟೆಯ ಬೀದಿ ಇಳಿಜಾರು, ಹೊರನಾಡಿಗೆ ಹೋಗುವ ಯಾತ್ರಿಕರ ವಾಹನಗಳಂತೂ ಬಿಡುವಿಲ್ಲದೆ ಓಡಾಡುತ್ತಿರುತ್ತವೆ. ತೋಟದ ಮನೆಗಳ ದಾರಿ ಎಂದರೆ ಏರು, ತಿರುವು, ಜಲ್ಲಿ. ಹಿಮ್ಮಡಿ ಚಕ್ರದ ಬೂಟಿನಲ್ಲಿ ನಿಲ್ಲಲು ಬ್ರೇಕ್ ಎಂಬುದು ಸರಿಯಾಗಿ ಇಲ್ಲ. ಬೆರಳ ಭಾಗವನ್ನು ಕೆಳಗಿಳಿಸಿ ಓಡುತ್ತಾ ನಿಲ್ಲಬೇಕು. ಇಳಿಜಾರಿನಲ್ಲಿ ವೇಗ ಏರಿದ ಮೇಲೆ ಆರು ವರ್ಷದ ಮಗುವಿಗೆ ಅದು ಸಾಧ್ಯವಿಲ್ಲ. ಮಳೆಗಾಲದ ಮಾತು ಬಿಡಿ. ಪಾಚಿ ಕಟ್ಟಿದ ಅಂಗಳದಲ್ಲಿ ನಾವು ದೊಡ್ಡವರೇ ಅಡಿಕೆ ಸೋಗೆ ಹಾಸಿಕೊಂಡು ನಡೆಯುತ್ತೇವೆ.

ಉಳಿದದ್ದು ಕಾಫಿ ಕಣ. ಕೊಯ್ಲು, ಒಣಗಿಸುವುದು ಮುಗಿದು ಕಣ ಖಾಲಿಯಾಗುವ ಹೊತ್ತಿಗೆ ಸರಿಯಾಗಿ ಮಕ್ಕಳಿಗೆ ಬೇಸಿಗೆ ರಜೆ. ನಮ್ಮ ಹುಡುಗ ಬಿದ್ದದ್ದೂ ಅಲ್ಲೇ. ಕಣ ನೋಡಲು ಸಮತಟ್ಟು, ಆದರೆ ನೀರು ಹರಿದು ಹೋಗಲೆಂದು ಅದಕ್ಕೆ ಸಣ್ಣ ಇಳಿಜಾರು ಕೊಟ್ಟಿರುತ್ತಾರೆ. ಕಣ್ಣಿಗೆ ಕಾಣದ ಆ ಇಳಿಜಾರು ಚಕ್ರಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಕಣದ ಅಂಚಿನ ಕಟ್ಟೆಗೆ ಬಂದು ತಗುಲಿದಾಗ ಮಗುವಿಗೂ ಗೊತ್ತಾಗುತ್ತದೆ.

“ನಾವು ಸಣ್ಣವರಿದ್ದಾಗ ಪೇರಳೆ ಮರ ಹತ್ತಿ ಬೀಳಲಿಲ್ಲವಾ ಡಾಕ್ಟ್ರೇ, ಈಗಿನ ಮಕ್ಕಳನ್ನು ಹತ್ತಿಯಲ್ಲಿ ಇಡಬೇಕಾ?” ಎಂದು ಪ್ಲಾಂಟರ್ ಮಿತ್ರರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಮರ ಹತ್ತುವ ಮಗುವನ್ನು ತಡೆಯುವವನು ನಾನಲ್ಲ. ಮರ ತಾನಾಗಿ ಚಲಿಸುವುದಿಲ್ಲ, ಮಗು ತನ್ನ ಶಕ್ತಿ ಇದ್ದಷ್ಟೇ ಹತ್ತುತ್ತದೆ, ಹೆದರಿಕೆಯಾದರೆ ನಿಲ್ಲುತ್ತದೆ. ಚಕ್ರ ಹಾಗಲ್ಲ. ಮಗು ಹೆದರಿದ ಮೇಲೂ ಅದು ಉರುಳುತ್ತಿರುತ್ತದೆ.

ಬೇರೆಯವರಿಗೆ ಉಪದೇಶ ಮಾಡುವ ಮೊದಲು ನನ್ನ ಮನೆಯದನ್ನೂ ಹೇಳಬೇಕು. ನನ್ನ ಮಗಳಿಗೆ ಐದು ವರ್ಷವಿದ್ದಾಗ ಇಂಥದೇ ಒಂದು ಜೊತೆ ನಾನೇ ತಂದುಕೊಟ್ಟಿದ್ದೆ. ಬೆಳೆಯುವ ಕಾಲು, ಮುಂದಿನ ವರ್ಷಕ್ಕೂ ಆಗಲಿ ಎಂದು ಒಂದು ಅಳತೆ ದೊಡ್ಡದು! ನಾವೆಲ್ಲ ಮಕ್ಕಳಿಗೆ ಬೂಟು, ಅಂಗಿ ಕೊಳ್ಳುವುದೇ ಹಾಗೆ. ಸಡಿಲ ಬೂಟಿನೊಳಗೆ ಪಾದ ಅಲುಗಾಡಿದರೆ ಚಕ್ರದ ಮೇಲೆ ಹಿಡಿತವೇ ಇರುವುದಿಲ್ಲ. ಅವಳು ಜಗಲಿಯ ಕೆಂಪು ನೆಲದ ಮೇಲೆ ಎರಡು ಸುತ್ತು ಜಾರಿ ಕಂಬಕ್ಕೆ ಹಣೆ ಗುದ್ದಿಕೊಂಡಳು. ಎರಡು ಹೊಲಿಗೆ ಬಿತ್ತು, ಹಾಕಿದವನೂ ನಾನೇ. ನನ್ನ ಹೆಂಡತಿ ಆ ದಿನ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಎಂಟು ದಾಟಿದ ಮಗು ಹಟ ಹಿಡಿದಿದೆ, ಕೊಡಿಸಲೇಬೇಕು ಎನ್ನುವವರಿಗೆ ನನ್ನ ಷರತ್ತುಗಳಿವೆ. ಅಳತೆ ಸರಿಯಾಗಿರಲಿ, ಲೇಸು ಬಿಗಿಯಾಗಿರಲಿ. ಹೆಲ್ಮೆಟ್ ಮತ್ತು ಮಣಿಕಟ್ಟಿನ ಗಾರ್ಡ್ ಇಲ್ಲದೆ ಚಕ್ರ ಹಾಕಕೂಡದು. ಮೊಣಕೈ, ಮೊಣಕಾಲಿನ ಪ್ಯಾಡ್ ಇದ್ದರೆ ಇನ್ನೂ ಒಳ್ಳೆಯದು. ಮೊದಲ ದಿನಗಳಲ್ಲಿ ದೊಡ್ಡವರೊಬ್ಬರು ಪಕ್ಕದಲ್ಲಿ ಇರಬೇಕು. ಜಗಲಿಯಲ್ಲಿ ಪೇಪರ್ ಓದುತ್ತಾ ಕೂತರೆ ಅದು ಪಕ್ಕದಲ್ಲಿ ಇದ್ದಂತೆ ಅಲ್ಲ. ರಸ್ತೆ, ಮೆಟ್ಟಿಲ ಹತ್ತಿರ, ಜನ ಸೇರುವ ಕಡೆ ಬೇಡವೇ ಬೇಡ. ಹೆಚ್ಚಿನ ಹಿಮ್ಮಡಿ ಚಕ್ರದ ಬೂಟುಗಳಲ್ಲಿ ಚಕ್ರ ತೆಗೆದು ಆ ಜಾಗಕ್ಕೆ ಬಿರಡೆ ಹಾಕಲು ಬರುತ್ತದೆ. ಆಟ ಮುಗಿದ ಕೂಡಲೆ ಚಕ್ರ ತೆಗೆದು ಅಮ್ಮನ ಕೈಗೆ ಕೊಡುವುದು ನಿಯಮವಾಗಲಿ. ಶಾಲೆಗೆ ಮಾಮೂಲಿ ಬೂಟು.

ಇಷ್ಟಾಗಿಯೂ ಮಗು ಬಿದ್ದರೆ ಏನು ಮಾಡಬೇಕು? ನೋವಿರುವ ಕೈಯನ್ನು ಎಳೆದು, ತಿರುಗಿಸಿ ನೋಡಬೇಡಿ. ಎಣ್ಣೆ ಹಾಕಿ ತಿಕ್ಕಬೇಡಿ. ಬಳೆ, ಕಡಗ, ಮಂತ್ರಿಸಿದ ದಾರ ಇದ್ದರೆ ಊತ ಏರುವ ಮೊದಲೇ ತೆಗೆಯಿರಿ. ಇವತ್ತಿನ ಪತ್ರಿಕೆಯನ್ನು, ಓದಿ ಮುಗಿದಿದ್ದರೆ, ದಪ್ಪಗೆ ಮಡಚಿ ಕೈಯ ಕೆಳಗಿಟ್ಟು ಸಡಿಲವಾಗಿ ಬಟ್ಟೆ ಸುತ್ತಿ. ಅಮ್ಮನ ಹಳೆಯ ಸೀರೆಯ ತುಂಡನ್ನೋ ಬೈರಾಸನ್ನೋ ಕೊರಳಿಗೆ ಜೋಲಿ ಕಟ್ಟಿ ಕೈ ಇಳಿಬಿಡಿ. ಕೈ ಸೊಟ್ಟಗಾಗಿದ್ದರೆ ಹಾಲು, ತಿಂಡಿ ಕೊಡಬೇಡಿ. ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕಾಗುತ್ತದೆ. ತಲೆಗೆ ಪೆಟ್ಟಾದ ಮಗು ಪದೇ ಪದೇ ವಾಂತಿ ಮಾಡಿದರೆ, ಎಂದಿಗಿಂತ ಮಂಕಾಗಿ ತೂಕಡಿಸಿದರೆ, ಸ್ವಲ್ಪ ಹೊತ್ತು ಎಚ್ಚರ ತಪ್ಪಿದ್ದರೆ ಬೆಳಗಾಗಲಿ ಎಂದು ಕಾಯಬಾರದು.

ನಮ್ಮ ಕಡೆ ಇನ್ನೊಂದು ಮಾತು ಹೇಳಲೇಬೇಕು. ಮೊಣಕೈಯ ಸ್ವಲ್ಪ ಮೇಲೆ ಮೂಳೆ ಮುರಿಯುವುದು ಐದರಿಂದ ಏಳು ವರ್ಷದ ಮಕ್ಕಳಲ್ಲಿ ಹೆಚ್ಚು. ಮುಂಗೈಗೆ ಹೋಗುವ ರಕ್ತನಾಳ, ನರಗಳು ಅಲ್ಲೇ ಹಾದುಹೋಗುತ್ತವೆ. ಹಳ್ಳಿಯಲ್ಲಿ ಬಿದಿರ ಸೀಳಿಟ್ಟು ಬಿಗಿಯಾಗಿ ನಾಟಿ ಕಟ್ಟು ಕಟ್ಟಿಸಿಬಿಟ್ಟರೆ ಒಳಗೆ ಊತ ಏರಿ ರಕ್ತ ಸಂಚಾರ ನಿಂತು ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ. ಅಂಥ ಕೈಯೊಂದನ್ನು ನಾನು ನೋಡಿದ್ದೇನೆ. ಆತ ಬಿದ್ದದ್ದು ಬೂಟಿನಿಂದಲ್ಲ, ಹಲಸಿನ ಮರದಿಂದ. ಈಗ ದೊಡ್ಡವನಾಗಿದ್ದಾನೆ, ಆ ಕೈಯ ಬೆರಳುಗಳು ಹಕ್ಕಿಯ ಉಗುರಿನಂತೆ ಮಡಚಿಯೇ ಉಳಿದಿವೆ. ಆ ಕೈಯಲ್ಲಿ ಒಂದು ಕಾಫಿ ಹಣ್ಣು ಕೊಯ್ಯಲಾರ. ಬೆರಳು ಬೆಳ್ಳಗೋ ನೀಲಿಯೋ ಆದರೆ, ಜೋಮು ಹಿಡಿದರೆ, ಬೆರಳು ಚಾಚಿಸಿದಾಗ ಮಗು ಕಿರುಚಿದರೆ ಕಟ್ಟನ್ನು ಆ ಕ್ಷಣವೇ ಬಿಚ್ಚಿ ಹೊರಡಬೇಕು. ಚಿಕ್ಕಮಗಳೂರಿಗೆ ಸುಮಾರು 90 ಕಿ.ಮೀ. ದಾರಿ, ಮಂಗಳೂರು, ಮಣಿಪಾಲಕ್ಕಾದರೆ ಕುದುರೆಮುಖದ ಘಟ್ಟ ಇಳಿಯಬೇಕು. ಎರಡೂ ಕಡೆಗೆ ಗಂಟೆಗಟ್ಟಲೆ ಬೇಕಾಗುತ್ತದೆ. ಪೇಟೆಯ ಮಗುವಿಗೂ ನಮ್ಮ ಮಗುವಿಗೂ ಬೂಟು ಒಂದೇ ಇರಬಹುದು, ಆಸ್ಪತ್ರೆಯ ದೂರ ಒಂದೇ ಅಲ್ಲ.

ನಮ್ಮ ಹುಡುಗನ ಅದೃಷ್ಟ, ಬೆಳವಣಿಗೆಯ ಪಟ್ಟಿಗೆ ಏನೂ ಆಗಿರಲಿಲ್ಲ. ಮೂಳೆತಜ್ಞರು ಕೂರಿಸಿ ಪ್ಲಾಸ್ಟರ್ ಹಾಕಿದರು. ಐದನೆಯ ವಾರ ಬಿಚ್ಚಿಸಿಕೊಂಡು ಬಂದವನು ನನ್ನ ಮೇಜಿನ ಮುಂದೆ ನಿಂತು ಕೈ ಮಡಚಿ ಬಿಚ್ಚಿ ತೋರಿಸಿದ. ಆಮೇಲೆ ಮೆಲ್ಲಗೆ ಕೇಳಿದ: “ಎಂಟು ವರ್ಷ ಆದ ಮೇಲೆ ಹಾಕ್ಕೊಳ್ಳಬಹುದಾ ಡಾಕ್ಟ್ರೇ? ಅಜ್ಜಿ ಅಟ್ಟದ ಮೇಲೆ ಇಟ್ಟಿದ್ದಾಳೆ.” ಆಗಬಹುದು ಎಂದೆ. ಈ ವಯಸ್ಸಿನಲ್ಲಿ ಪಾದ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ, ಎರಡು ವರ್ಷದ ನಂತರ ಆ ಬೂಟು ಅವನ ಕಾಲಿಗೆ ಹತ್ತುವುದಿಲ್ಲ. ಅಜ್ಜಿಗೆ ಅದು ಗೊತ್ತಿತ್ತು ಎಂದು ಕಾಣುತ್ತದೆ. ಅವರು ನನ್ನ ಕಡೆ ನೋಡದೆ ಸೆರಗಿನಿಂದ ಮೊಮ್ಮಗನ ಮೂಗು ಒರೆಸುತ್ತಿದ್ದರು.