ನಡುಕ ನಿಂತ ಮೇಲಿನ ಆರು ತಿಂಗಳು

ಮದ್ಯ ಬಿಟ್ಟವರು ಮತ್ತೆ ಜಾರಿದಾಗ ಅವರ ಮನೋಬಲವನ್ನು ದೂರುತ್ತೇವೆ. ಮೊದಲ ವಾರಕ್ಕೇ ಕೈತೊಳೆದುಕೊಳ್ಳುವ ವ್ಯವಸ್ಥೆಯನ್ನು ದೂರುವುದಿಲ್ಲ

ಮದ್ಯವರ್ಜನ ಶಿಬಿರದ ಕೊನೆಯ ದಿನ ನೋಡಬೇಕು. ವಾರದ ಹಿಂದೆ ಕೈ ನಡುಗಿ ಕಾಫಿ ಲೋಟ ಹಿಡಿಯಲಾಗದಿದ್ದವರು ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ತೊಟ್ಟು ಸಾಲಾಗಿ ಕೂತಿರುತ್ತಾರೆ. ಕರೆದೊಯ್ಯಲು ಹೆಂಡತಿ ಮಕ್ಕಳು ಬಂದಿರುತ್ತಾರೆ. ಪ್ರತಿಜ್ಞೆ, ಅತಿಥಿಗಳ ಹಿತವಚನ, ಒಂದು ಗುಂಪು ಫೋಟೊ. ಆಸ್ಪತ್ರೆಗೆ ಸೇರಿದವರದ್ದೂ ಹೆಚ್ಚುಕಮ್ಮಿ ಇದೇ ಕಥೆ: ಒಂದೆರಡು ವಾರಗಳಲ್ಲಿ ಡಿಸ್ಚಾರ್ಜ್ ಚೀಟಿ ಕೈಗೆ ಬರುತ್ತದೆ. ಊರಿನವರು, ಮನೆಯವರು, ಕೆಲಸ ಕೊಟ್ಟ ಮಾಲೀಕ ಎಲ್ಲರೂ ‘ಬಿಟ್ಟನಂತೆ’ ಎಂದು ವಿಷಯ ಮುಗಿಸುತ್ತಾರೆ. ಮೂರನೇ ತಿಂಗಳಿಗೋ ನಾಲ್ಕನೇ ತಿಂಗಳಿಗೋ ಅದೇ ವ್ಯಕ್ತಿ ಬಾರಿನ ಮುಂದೆ ಕಂಡರೆ ‘ನಾಯಿ ಬಾಲ ಡೊಂಕು’ ಎಂಬ ತೀರ್ಪು ಸಿದ್ಧವಿರುತ್ತದೆ. ನಡುವಿನ ತಿಂಗಳುಗಳಲ್ಲಿ ಆತನ ದೇಹದೊಳಗೆ ಏನಾಯಿತು, ಜೊತೆಗೆ ಯಾರಿದ್ದರು ಎಂದು ಕೇಳುವವರು ಕಡಿಮೆ. ಮದ್ಯವ್ಯಸನದ ಚಿಕಿತ್ಸೆಯಲ್ಲಿ ನಮ್ಮ ದೊಡ್ಡ ಲೋಪ ಇರುವುದು ಅಲ್ಲೇ.

ಕುಡಿತ ನಿಲ್ಲಿಸಿದ ಮೊದಲ ವಾರದ ಯಾತನೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೊನೆಯ ಗುಟುಕಿನ ನಂತರ ಆರೇಳು ಗಂಟೆಗಳಲ್ಲೇ ನಡುಕ, ಬೆವರು, ವಾಕರಿಕೆ, ಎದೆಬಡಿತ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರು ಸನ್ನಿಗೆ ಜಾರಿ, ಗೋಡೆಯ ಮೇಲೆ ಇಲ್ಲದ ಹುಳುಹುಪ್ಪಟೆ ಕಾಣುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದು ಜೀವ ತೆಗೆಯಬಲ್ಲದು. 2020ರ ಲಾಕ್‌ಡೌನ್‌ನಲ್ಲಿ ಮದ್ಯದಂಗಡಿಗಳು ಏಕಾಏಕಿ ಮುಚ್ಚಿದಾಗ ಇಂಥ ಗಂಭೀರ ಸ್ಥಿತಿಯಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಬಂದವರ ಸಂಖ್ಯೆ ಏರಿದ್ದನ್ನು ನಿಮ್ಹಾನ್ಸ್ ವೈದ್ಯರು ದಾಖಲಿಸಿದ್ದಾರೆ. ವರ್ಷಗಟ್ಟಲೆ ದಿನವೂ ಕುಡಿದವರು ಮನೆಯಲ್ಲೇ ಒಮ್ಮೆಗೇ ಬಿಡುವ ಸಾಹಸಕ್ಕೆ ಇಳಿಯಬಾರದು. ನಡುಗುವವರನ್ನು ಹತ್ತಿರದ ಕ್ಲಿನಿಕ್ಕಿಗೆ ಒಯ್ದು ‘ಒಂದು ಬಾಟ್ಲಿ ಗ್ಲೂಕೋಸ್ ಹಾಕಿ’ ಎನ್ನುವ ರೂಢಿಯೂ ಅಪಾಯದ್ದೇ. ದೀರ್ಘಕಾಲ ಕುಡಿದವರ ಮೈಯಲ್ಲಿ ಥಯಮಿನ್ ಎಂಬ ಬಿ1 ಜೀವಸತ್ವ ಬತ್ತಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬಿದ್ದು, ನೆನಪಿನ ಶಕ್ತಿ ಶಾಶ್ವತವಾಗಿ ಕುಂದಬಹುದು.

ಸಾಮಾನ್ಯವಾಗಿ ವಾರದೊಳಗೆ ಈ ಬಿರುಸು ಇಳಿಯುತ್ತದೆ. ಆದರೆ ಮಿದುಳು ಅಷ್ಟು ಬೇಗ ಹಳೆಯ ಸ್ಥಿತಿಗೆ ಮರಳುವುದಿಲ್ಲ. ಮದ್ಯ ಮಿದುಳನ್ನು ಶಾಂತಗೊಳಿಸುವ ‘ಗಾಬಾ’ ವ್ಯವಸ್ಥೆಗೆ ಒತ್ತು ಕೊಟ್ಟು, ಕೆರಳಿಸುವ ‘ಗ್ಲುಟಮೇಟ್’ ವ್ಯವಸ್ಥೆಯನ್ನು ಅದುಮುತ್ತದೆ. ದಿನವೂ ಈ ಒತ್ತಡ ಬಿದ್ದಾಗ ಮಿದುಳು ಸಮತೋಲನಕ್ಕಾಗಿ ವಿರುದ್ಧ ದಿಕ್ಕಿಗೆ ಜಗ್ಗುವುದನ್ನು ಕಲಿಯುತ್ತದೆ. ಹಗ್ಗಜಗ್ಗಾಟದಲ್ಲಿ ಎದುರಿನವರು ಥಟ್ಟನೆ ಹಗ್ಗ ಬಿಟ್ಟರೆ ಈ ಕಡೆಯವರು ಹಿಂದಕ್ಕೆ ಉರುಳುತ್ತಾರಲ್ಲ, ಮೊದಲ ವಾರದಲ್ಲಿ ಆಗುವುದು ಅದು. ಬಿದ್ದವರು ಎದ್ದು ನೆಟ್ಟಗೆ ನಿಲ್ಲಲು ಮಾತ್ರ ತಿಂಗಳುಗಳೇ ಬೇಕು. ನಿದ್ದೆ ಹತ್ತದಿರುವುದು, ಕಾರಣವಿಲ್ಲದ ಕಳವಳ, ಮೂಗಿನ ತುದಿಯ ಸಿಟ್ಟು, ಮಂಕುತನ, ಮರೆವು, ಯಾವುದರಲ್ಲೂ ರುಚಿ ಇಲ್ಲದಿರುವುದು, ನಡುನಡುವೆ ಕುಡಿಯಬೇಕೆಂಬ ತೀವ್ರ ತುಡಿತ ಇವೆಲ್ಲ ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ನಿದ್ದೆಯ ತೊಂದರೆ ವರ್ಷ ದಾಟುವುದೂ ಉಂಟು. ಇವು ಒಂದೇ ಸಮನೆ ಇರುವುದಿಲ್ಲ. ನಾಲ್ಕು ದಿನ ಹಗುರವೆನಿಸಿ ಐದನೇ ದಿನ ಮತ್ತೆ ಬಂದು ಕೂರುತ್ತವೆ. ‘ವಾಸಿಯಾಯಿತು’ ಎಂದುಕೊಂಡವರು ಧೃತಿಗೆಡುವುದು ಆಗಲೇ.

ಇದು ದಿನದ ಬದುಕಿನಲ್ಲಿ ಹೇಗಿರುತ್ತದೆ? ಕುಡಿತ ಬಿಟ್ಟು ಆರನೇ ವಾರದಲ್ಲಿರುವ ಒಬ್ಬ ಗಾರೆ ಮೇಸ್ತ್ರಿಯನ್ನು ಕಲ್ಪಿಸಿಕೊಳ್ಳಿ. ಕೈ ನಡುಕ ನಿಂತಿದೆ, ಕರಣೆ ಹಿಡಿತಕ್ಕೆ ಬಂದಿದೆ. ಆದರೆ ಟೇಪು ಹಿಡಿದು ಓದಿದ ಅಳತೆ ಗೋಡೆಯ ಆ ತುದಿಗೆ ಹೋಗುವಷ್ಟರಲ್ಲಿ ಮರೆತಿರುತ್ತದೆ. ಮತ್ತೆ ಬಂದು ಅಳೆಯಬೇಕು. ರಾತ್ರಿ ಎರಡೂವರೆಗೆ ಎಚ್ಚರ. ಕನಸಿನಲ್ಲಿ ಕುಡಿದಿದ್ದಾನೆ, ನಿಜವಾಗಿಯೂ ಕುಡಿದೆನೇನೋ ಎಂಬ ಗಾಬರಿಗೆ ಎದ್ದು ಕೂರುತ್ತಾನೆ. ಶನಿವಾರ ಸಂಜೆ ಬಟವಾಡೆ. ಕೂಲಿ ಕೈಗೆ ಬೀಳುತ್ತಿದ್ದಂತೆ ಸಂಗಾತಿಗಳು ಹೊರಡುವ ದಿಕ್ಕು ಅವನಿಗೆ ಗೊತ್ತು, ಅವನ ಕಾಲಿಗೂ ಗೊತ್ತು. ಅಭ್ಯಾಸವಾದ ಹೊತ್ತು, ಜಾಗ, ಜೊತೆ, ಕೈಯಲ್ಲಿನ ಹಣ ನಾಲ್ಕೂ ಒಟ್ಟಿಗೆ ಸೇರುವ ಗಳಿಗೆ ಅದು. ಮನೆಗೆ ಬಂದರೆ ಮಗುವಿನ ಅಳು ಸಹಿಸಲಾಗುವುದಿಲ್ಲ, ರೇಗುತ್ತಾನೆ. ‘ಕುಡೀತಿದ್ದಾಗ್ಲೇ ವಾಸಿ ಇತ್ತು, ನಿದ್ದೆನಾದ್ರೂ ಮಾಡ್ತಿದ್ರಿ’ ಎಂದು ಸುಸ್ತಾದ ಹೆಂಡತಿ ಹೇಳಿಬಿಡುತ್ತಾಳೆ. ಆಕೆಯದು ದುರುದ್ದೇಶವಲ್ಲ. ಈ ಸಿಟ್ಟು, ಈ ಮಂಕು ಕಾಯಿಲೆಯ ಬಾಲ ಎಂದು ಆಕೆಗೆ ಯಾರೂ ಹೇಳಿಲ್ಲ, ಅಷ್ಟೇ.

ಈ ಅವಸ್ಥೆಯ ಬಗ್ಗೆ ತಜ್ಞರಲ್ಲಿ ಪೂರ್ತಿ ಒಮ್ಮತವಿಲ್ಲ ಎನ್ನುವುದನ್ನೂ ಹೇಳಬೇಕು. ಅಮೆರಿಕದ ಮನೋವೈದ್ಯರ ಸಂಘದ ರೋಗ ಕೈಪಿಡಿಯಾದ ಡಿಎಸ್‌ಎಂ–5ರಲ್ಲಿ ಇದಕ್ಕೆ ಪ್ರತ್ಯೇಕ ರೋಗದ ಸ್ಥಾನವಿಲ್ಲ. ಯಾವುದು ಮದ್ಯ ಬಿಟ್ಟದ್ದರ ಪರಿಣಾಮ, ಯಾವುದು ಮೊದಲೇ ಇದ್ದ ಖಿನ್ನತೆ, ಯಾವುದು ಕುಡಿತದಿಂದ ಹದಗೆಟ್ಟ ಸಂಸಾರ, ಸಾಲಗಳ ಸಹಜ ಸಂಕಟ ಎಂದು ಗೆರೆ ಕೊರೆಯುವುದು ಸುಲಭವಲ್ಲ. ಎಲ್ಲವನ್ನೂ ‘ಬಿಟ್ಟದ್ದಕ್ಕೆ ಹೀಗೆ’ ಎಂದು ತಳ್ಳಿಹಾಕಿದರೆ ನಿಜವಾದ ಖಿನ್ನತೆ ಚಿಕಿತ್ಸೆ ಕಾಣದೆ ಉಳಿದೀತು. ಅದಕ್ಕೇ ನಾಲ್ಕು ವಾರಗಳ ಹೊತ್ತಿಗೆ ಮನೋವೈದ್ಯರು ಮತ್ತೊಮ್ಮೆ ನೋಡುವುದು ಮುಖ್ಯ. ಮದ್ಯದಿಂದಲೇ ಹುಟ್ಟಿದ ಖಿನ್ನತೆ ಅಷ್ಟರಲ್ಲಿ ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಆಗದಿದ್ದರೆ ಅದಕ್ಕೇ ಬೇರೆ ಚಿಕಿತ್ಸೆ ಬೇಕು. ಸಾಯುವ ಯೋಚನೆ ಸುಳಿದರಂತೂ ನಾಲ್ಕು ವಾರ ಕಾಯುವ ಪ್ರಶ್ನೆಯೇ ಇಲ್ಲ.

ಈ ತಿಂಗಳುಗಳನ್ನು ದಾಟಲು ನೆರವಾಗುವ ಸಂಗತಿಗಳು ಸರಳ, ಆದರೆ ಬಿಡದೆ ಪಾಲಿಸಬೇಕಾದವು. ನಿದ್ದೆ ಬರಲಿ ಬಿಡಲಿ, ದಿನವೂ ಒಂದೇ ಹೊತ್ತಿಗೆ ಏಳುವುದು. ಸಂಜೆಯ ನಂತರ ಕಾಫಿ, ಟೀ ಬಿಡುವುದು. ಮದ್ಯದ ಜಾಗಕ್ಕೆ ಬೀಡಿ, ಗುಟ್ಕಾ ಹೆಚ್ಚದಂತೆ ನೋಡಿಕೊಳ್ಳುವುದು. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕೂ ತುಡಿತವನ್ನು ಕೆರಳಿಸುತ್ತವೆ. ಸಂಜೆ ಹೊಟ್ಟೆ ಖಾಲಿ ಬಿಡದಿರುವುದೂ ಒಂದು ಚಿಕಿತ್ಸೆಯೇ. ತುಡಿತ ಏರಿ, ತುತ್ತತುದಿ ಮುಟ್ಟಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ಆ ಜಾಗದಿಂದ ದೂರ ನಡೆದು, ನಂಬಿದವರೊಬ್ಬರಿಗೆ ಫೋನು ಮಾಡಿದರೆ ದಾಟಬಹುದು. ಮೊದಲ ಕೆಲವು ತಿಂಗಳು ಕೂಲಿ ಹಣ ನೇರ ಮನೆಯವರ ಖಾತೆಗೆ ಹೋಗುವಂತೆ ಮಾಡಿಕೊಂಡರೆ ಶನಿವಾರದ ಸಂಜೆ ಅರ್ಧ ಗೆದ್ದಂತೆ. ನಿದ್ದೆಗೆಂದು ಮೆಡಿಕಲ್ ಸ್ಟೋರಿನಿಂದ ಅಲ್ಪ್ರಜೋಲಮ್ ಮಾತ್ರೆ ತಂದು ನುಂಗುವುದು ಮಾತ್ರ ಕೂಡದು. ಅದು ಕೆಲಸ ಮಾಡುವುದೂ ಅದೇ ಗಾಬಾ ವ್ಯವಸ್ಥೆಯ ಮೇಲೆ. ಒಂದು ಚಟ ಹೋಗಿ ಇನ್ನೊಂದು ಕೂಡಿಕೊಳ್ಳುತ್ತದೆ.

ಮನೋಬಲವೊಂದೇ ಸಾಲದು, ಔಷಧಿಗಳೂ ಇವೆ. ನಾಲ್ಟ್ರೆಕ್ಸೋನ್ ಕುಡಿತದ ಸುಖವನ್ನು ತಗ್ಗಿಸುತ್ತದೆ. ಅಕಾಂಪ್ರೊಸೇಟ್ ಕೆರಳಿದ ಗ್ಲುಟಮೇಟ್ ವ್ಯವಸ್ಥೆಯನ್ನು ಹದಕ್ಕೆ ತಂದು, ಬಿಟ್ಟದ್ದನ್ನು ಕಾಯ್ದುಕೊಳ್ಳಲು ನೆರವಾಗುತ್ತದೆ ಎನ್ನಲಾಗಿದೆ. ಇವನ್ನು ಯಕೃತ್ತು, ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರೇ ಬರೆಯಬೇಕು, ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು. ಆದರೆ ನಮ್ಮ ಊರುಗಳ ಗೋಡೆಗಳ ಮೇಲೆ ಕಾಣುವುದು ಬೇರೆಯದೇ ಜಾಹೀರಾತು: ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿ. ಅದರಲ್ಲಿ ಏನಿದೆಯೆಂದು ಯಾರೂ ಹೇಳುವುದಿಲ್ಲ. ಡೈಸಲ್ಫಿರಾಮ್ ಮಾತ್ರೆಯನ್ನೇ ಹೀಗೆ ಗುಟ್ಟಾಗಿ ಸಾರಿಗೆ ಬೆರೆಸಿ ಕೊಡುವವರೂ ಇದ್ದಾರೆ. ಆ ಔಷಧಿ ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇರುವವರ ಪ್ರಾಣಕ್ಕೇ ಸಂಚಕಾರ. ಜೀವಾಪಾಯ ಒಂದು ಕಡೆಯಾದರೆ, ಗುಟ್ಟು ರಟ್ಟಾದ ದಿನ ಮನೆಯಲ್ಲಿ ಉಳಿದಿದ್ದ ನಂಬಿಕೆಯೂ ಹೋಗುತ್ತದೆ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮದ್ಯದಿಂದ ತೊಂದರೆಗೆ ಸಿಲುಕಿ ನೆರವು ಬೇಕಾದವರು 5.7 ಕೋಟಿ. ಮದ್ಯಕ್ಕೆ ಅಂಟಿಕೊಂಡವರ ಪೈಕಿ ಯಾವುದಾದರೂ ಚಿಕಿತ್ಸೆ ಪಡೆದವರು 38ರಲ್ಲಿ ಒಬ್ಬರು. ಆಸ್ಪತ್ರೆಗೆ ದಾಖಲಾದವರು 180ರಲ್ಲಿ ಒಬ್ಬರು. ಅಷ್ಟು ಕಷ್ಟಪಟ್ಟು ಬಾಗಿಲವರೆಗೆ ಬಂದ ಆ ಒಬ್ಬರನ್ನೂ ವಾರದ ನಂತರ ಕೈಬಿಟ್ಟರೆ ಬೊಕ್ಕಸದ ಹಣಕ್ಕೂ ಅರ್ಥವಿಲ್ಲ, ಮನೆಯವರ ತಾಳ್ಮೆಗೂ ಬೆಲೆಯಿಲ್ಲ.

ಮುಂದೇನು ಮಾಡಬಹುದು ಎನ್ನುವುದಕ್ಕೆ ಮಾದರಿಗಳು ನಮ್ಮಲ್ಲೇ ಇವೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಶಿಬಿರಗಳ ಎಂಟು ದಿನಗಳ ಬಗ್ಗೆ ಹೆಚ್ಚು ಚರ್ಚೆಯಾಗುತ್ತದೆ. ಶಿಬಿರ ಮುಗಿಸಿದವರು ಊರಲ್ಲಿ ಸೇರುವ ‘ನವಜೀವನ ಸಮಿತಿ’ಗಳ ಬಗ್ಗೆ ಆಗುವುದಿಲ್ಲ. 1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆ್ಯಕ್ರನ್‌ನಲ್ಲಿ ಇಬ್ಬರು ಕುಡುಕರ ಭೇಟಿಯಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪುಗಳು ಕರ್ನಾಟಕದಲ್ಲೂ ಸಭೆ ನಡೆಸುತ್ತವೆ. ಎರಡರ ಹಿಂದಿರುವ ತಿಳಿವಳಿಕೆ ಒಂದೇ: ಬಿಟ್ಟವರಿಗೆ ಬಿಟ್ಟವರೇ ಸಂಗಾತಿ. ‘ನನಗೂ ಎರಡನೇ ತಿಂಗಳು ಹಿಂಗೇ ಆಗಿತ್ತು, ಕಳೀತು’ ಎಂದು ಅನುಭವಿ ಹೇಳುವ ಮಾತಿನ ತೂಕ ವೈದ್ಯರ ಮಾತಿಗೂ ಬರುವುದಿಲ್ಲ. ಆದರೆ ಈ ಸಭೆಗಳಲ್ಲಿ ಹೆಣ್ಣುಮಕ್ಕಳು ಕಾಣುವುದು ಅಪರೂಪ. ಕುಡಿತದ ಸಮಸ್ಯೆ ಇರುವ ಹೆಂಗಸರು ಮರ್ಯಾದೆಗೆ ಅಂಜಿ ಮನೆಯೊಳಗೇ ನರಳುತ್ತಾರೆ. ಅವರಿಗೆ ಪ್ರತ್ಯೇಕ ಗುಂಪುಗಳೇ ಬೇಕು.

ಸರ್ಕಾರದ ಪಾಲಿಗೆ ಮದ್ಯದ ಪ್ರಶ್ನೆ ಎರಡೇ ತುದಿಗಳಲ್ಲಿ ಸಿಕ್ಕಿಕೊಂಡಿದೆ. ಒಂದು ಕಡೆ ನಿಷೇಧದ ಕೂಗು; 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದು ಅದನ್ನು ಕೇಳಿದರು. ಇನ್ನೊಂದು ಕಡೆ ವರಮಾನ; 2025–26ರ ರಾಜ್ಯ ಬಜೆಟ್ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ನಿಷೇಧ ಬರಲಿ, ಬಾರದಿರಲಿ, ಇವತ್ತು ಬಿಟ್ಟು ನಾಳೆ ಬಟವಾಡೆ ಎದುರಿಸಬೇಕಾದವರಿಗೆ ಈ ವಾದದಲ್ಲಿ ಜಾಗವಿಲ್ಲ. ಅವರಿಗೆ ಬೇಕಿರುವುದಕ್ಕೆ ಭಾರಿ ಖರ್ಚೂ ಇಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಔಷಧಿಗಳ ತಪ್ಪದ ದಾಸ್ತಾನು, ಕೂಲಿ ತಪ್ಪದಂತೆ ಸಂಜೆ ಅಥವಾ ಭಾನುವಾರದ ಕ್ಲಿನಿಕ್, ಡಿಸ್ಚಾರ್ಜ್ ದಿನ ಮನೆಯವರನ್ನೂ ಕೂರಿಸಿಕೊಂಡು ಮುಂದಿನ ತಿಂಗಳುಗಳು ಹೇಗಿರುತ್ತವೆಂದು ಕನ್ನಡದಲ್ಲಿ ವಿವರಿಸುವ ಅರ್ಧ ಗಂಟೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ (14416) ಕನ್ನಡದಲ್ಲೂ ಸಿಗುತ್ತದೆ. ಸಂಕಟದಲ್ಲಿರುವವರು ಕರೆ ಮಾಡಲಿ ಎಂದು ಕಾಯುವ ಬದಲು, ಒಪ್ಪಿಗೆ ಕೊಟ್ಟವರಿಗೆ ಅಲ್ಲಿಂದಲೇ ನಿಗದಿತ ದಿನಗಳಲ್ಲಿ ಕರೆ ಹೋಗುವಂತೆ ಮಾಡಬಹುದು.

ವಿಮೆಯ ಗೊಂದಲವೂ ಬಗೆಹರಿಯಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಸಿಗಬೇಕು ಎಂದೂ ಹೇಳಿದೆ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿಯ ಪ್ರಕಾರ ಪಾಲಿಸಿಗಳು ಹೊರಗಿಡಬಹುದಾದ ಚಿಕಿತ್ಸೆಗಳ ಪಟ್ಟಿಯಲ್ಲಿ ಮದ್ಯವ್ಯಸನವೂ ಇದೆ. ಕಾಯ್ದೆ ಕಾಯಿಲೆ ಎಂದದ್ದನ್ನು ಪಾಲಿಸಿ ತಪ್ಪು ನಡತೆ ಎಂಬಂತೆ ಕಾಣುತ್ತಿದೆ.

ಅಬಕಾರಿ ಇಲಾಖೆ ಎಷ್ಟು ಪೆಟ್ಟಿಗೆ ಮದ್ಯ ಮಾರಾಟವಾಯಿತು ಎಂಬ ಲೆಕ್ಕವನ್ನು ಚಾಚೂ ತಪ್ಪದೆ ಇಡುತ್ತದೆ. ಚಿಕಿತ್ಸೆ ಪಡೆದವರಲ್ಲಿ ಆರನೇ ತಿಂಗಳಿಗೂ ಸಂಪರ್ಕದಲ್ಲಿ ಉಳಿದವರು ಎಷ್ಟು ಎಂಬ ಲೆಕ್ಕವನ್ನು ಆರೋಗ್ಯ ಇಲಾಖೆ ಜಿಲ್ಲಾವಾರು ಪ್ರಕಟಿಸಲಿ. ಈ ಆರು ತಿಂಗಳಲ್ಲಿ ಒಮ್ಮೆ ಜಾರಿದವರನ್ನು ಸೋತವರ ಪಟ್ಟಿಗೆ ಸೇರಿಸದೆ, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿದಾಗ ಮಾಡುವಂತೆ ಔಷಧಿ, ಭೇಟಿಯ ದಿನಗಳನ್ನು ಪರಿಷ್ಕರಿಸಿ ಮತ್ತೆ ಕರೆಸಿಕೊಳ್ಳಲಿ. ಶಿಬಿರ ನಡೆಸುವವರೂ, ಡಿ–ಅಡಿಕ್ಷನ್ ಸೆಂಟರ್‌ಗಳೂ ತಮ್ಮ ಯಶಸ್ಸನ್ನು ಸಮಾರೋಪದ ದಿನ ಪ್ರತಿಜ್ಞೆ ಮಾಡಿದವರ ಸಂಖ್ಯೆಯಿಂದ ಅಳೆಯದೆ ಈ ಲೆಕ್ಕದಿಂದ ಅಳೆಯುವಂತಾದರೆ, ಹಣ, ಸಿಬ್ಬಂದಿ, ಗಮನ ಎಲ್ಲವೂ ತಾನಾಗಿಯೇ ಎರಡನೇ ವಾರದಾಚೆಗೆ ಹರಿಯತೊಡಗುತ್ತವೆ.